ಹೂವಿನ ಲುಂಗಿ, ಹರಿದ ಚಾಪೆ

ಪ್ರಶ್ನೆ: ನನ್ನ ಮಗಳು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಶಾಲಾ ಶಿಕ್ಷಕಿ. ಕಳೆದ ಬಾರಿ ಊರಿಗೆ ಬಂದಾಗ ನನಗೆ ದೊಡ್ಡ ದೊಡ್ಡ ದಾಸವಾಳದ ಹೂಗಳಿರುವ ಬಟ್ಟೆಯೊಂದನ್ನು ತಂದುಕೊಟ್ಟಳು. ಸಮೋವಾದ ಸಹೋದ್ಯೋಗಿಯೊಬ್ಬರ ಉಡುಗೊರೆಯಂತೆ, ಹೆಸರು ಲಾವಾಲಾವಾ. ಉಟ್ಟು ನೋಡಿದೆ, ಥೇಟ್ ಲುಂಗಿ. ಇದು ನಮ್ಮಿಂದಲೇ ಅಲ್ಲಿಗೆ ಹೋದದ್ದೇ? ಅವಳು ಹೇಳಿದ ಇನ್ನೊಂದು ಸಂಗತಿ ಮನಸ್ಸಿನಲ್ಲೇ ಉಳಿದಿದೆ. ಅದೇ ಶಾಲೆಯಲ್ಲಿ ಟೋಂಗಾದ ಶಿಕ್ಷಕರೊಬ್ಬರು ಒಂದು ತಿಂಗಳು ಕಪ್ಪು ಬಟ್ಟೆಯ ಮೇಲೆ ಅಂಚು ಹರಿದ ಹಳೆಯ ಚಾಪೆ ಸುತ್ತಿಕೊಂಡೇ ಪಾಠ ಮಾಡಿದರಂತೆ. ಇವಳಿಗೆ ಕೇಳಲು ಸಂಕೋಚ. ಅಷ್ಟು ಓದಿದವರು ಹರಿದ ಚಾಪೆಯನ್ನೇಕೆ ಸುತ್ತಿಕೊಳ್ಳುತ್ತಾರೆ? (ತೀರ್ಥಹಳ್ಳಿಯ ಓದುಗರೊಬ್ಬರು)

ಉತ್ತರ: ಹರಿದ ಚಾಪೆಗೆ ಉತ್ತರ ಒಂದೇ ಸಾಲಿನದು: ಅವರ ಮನೆಯಲ್ಲಿ ಸಾವಾಗಿತ್ತು. ಆದರೆ ಆ ಸಾಲು ಅರ್ಥವಾಗಬೇಕಾದರೆ ಮೊದಲು ನಿಮ್ಮ ಹೂವಿನ ಬಟ್ಟೆಯ ಕಥೆಯನ್ನು ಹೇಳಬೇಕು. ಚಾಪೆಯನ್ನು ಸ್ವಲ್ಪ ಹೊತ್ತು ಸುತ್ತಿ ಮೂಲೆಗಿಡೋಣ.

ಲಾವಾಲಾವಾ ನಮ್ಮಿಂದ ಹೋದದ್ದಲ್ಲ. ಸೊಂಟಕ್ಕೆ ಬಟ್ಟೆ ಸುತ್ತುವುದನ್ನು ಒಂದು ನಾಡು ಇನ್ನೊಂದು ನಾಡಿಗೆ ಕಲಿಸಬೇಕಾಗಿಲ್ಲ, ಬಿಸಿಲು ಬೆವರುಗಳೇ ಕಲಿಸುತ್ತವೆ. ಆದರೂ ನೀವು ಹೇಳಿದ ಹೋಲಿಕೆ ಸುಳ್ಳಲ್ಲ. ಅಳತೆಯನ್ನೇ ನೋಡಿ: ಸಾಮಾನ್ಯ ಲಾವಾಲಾವಾ ಸುಮಾರು ಎರಡು ಗಜ, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಮೊಳ. ಹೊಲಿಗೆ ಇಲ್ಲ, ಕತ್ತರಿ ಇಲ್ಲ. ಸೊಂಟಕ್ಕೆ ಸುತ್ತಿ, ಮೇಲಿನ ಎರಡು ಮೂಲೆಗಳನ್ನು ಗಂಟು ಹಾಕಿದರೆ ಅಥವಾ ಸಿಕ್ಕಿಸಿದರೆ ಮುಗಿಯಿತು. ಸಮೋವಾದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರದೂ ಇದೇ ಉಡುಗೆ. ಟೋಂಗಾದಲ್ಲಿ ಇದು ತುಪೆನು, ಟಹೀಟಿಯಲ್ಲಿ ಪಾರೆಯು. ಜಗತ್ತಿನ ಸಮುದ್ರತೀರದ ಅಂಗಡಿಗಳೆಲ್ಲ ‘ಪಾರೆಯೊ’ ಎಂದು ಮಾರುವುದು ಈ ಟಹೀಟಿಯ ಮಾತನ್ನೇ. ಹವಾಯಿಯ ಹೆಂಗಸರು ಹಿಂದೆ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದದ್ದು ಪಾವು. ಗಂಡಸರು ಹಲವು ದ್ವೀಪಗಳಲ್ಲಿ ಮಾಲೊ ಅಥವಾ ಮಾರೊ ಎಂಬ ಪಟ್ಟಿ ಕಟ್ಟುತ್ತಿದ್ದರು. ಅದು ನಮ್ಮ ಲಂಗೋಟಿಯ ಅಣ್ಣ ಎಂದುಕೊಳ್ಳಿ. ಇನ್ನು ‘ಸರಾಂಗ್’ ಎಂಬುದು ಮಲಯ್ ಭಾಷೆಯ ಪದ. ಪಾಲಿನೇಷ್ಯದ, ಅಂದರೆ ಸಮೋವಾ, ಟೋಂಗಾ, ಟಹೀಟಿ, ಹವಾಯಿಗಳೆಲ್ಲ ಸೇರಿದ ಪೆಸಿಫಿಕ್ ದ್ವೀಪಸಮೂಹದ ಬಟ್ಟೆಗೆ ಆ ಹೆಸರು ಅಂಟಿದ್ದರಲ್ಲಿ 1930ರ ದಶಕದ ಹಾಲಿವುಡ್‌ನ ಕೈವಾಡ ದೊಡ್ಡದು.

ನಿಜವಾದ ಆಶ್ಚರ್ಯ ಇರುವುದು ಬೇರೆ ಕಡೆ. ಬಟ್ಟೆ ಸುತ್ತುವುದನ್ನೇ ಬದುಕು ಮಾಡಿಕೊಂಡ ಈ ಜನರ ಬಳಿ ಮಗ್ಗವೇ ಇರಲಿಲ್ಲ. ಅವರ ಪೂರ್ವಿಕರು ತೈವಾನ್, ಫಿಲಿಪ್ಪೀನ್ಸ್ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ದಾಟುತ್ತಾ ಸುಮಾರು 2,800 ವರ್ಷಗಳ ಹಿಂದೆ ಟೋಂಗಾ ತಲುಪಿದರು. ಹಂದಿ, ಕೋಳಿ, ಕೆಸುವಿನ ಗೆಡ್ಡೆ ಜೊತೆಗೆ ಬಂದವು, ನೇಯ್ಗೆ ಮಾತ್ರ ಬರಲಿಲ್ಲ. (ಉತ್ತರಕ್ಕೆ, ಮೈಕ್ರೊನೇಷ್ಯದ ಯಾಪ್ ಕಡೆಯ ದ್ವೀಪಗಳಲ್ಲಿ ಬಾಳೆನಾರನ್ನು ಸೊಂಟಮಗ್ಗದಲ್ಲಿ ನೇಯ್ದು ಉಡುವವರಿದ್ದಾರೆ. ಅದನ್ನೂ ಈಗ ಲಾವಾಲಾವಾ ಎಂದೇ ಕರೆಯುತ್ತಾರೆ. ಆದರೆ ಅದು ಬೇರೆಯೇ ಸಂಸಾರ.)

ಹಾಗಾದರೆ ಏನನ್ನು ಉಡುತ್ತಿದ್ದರು? ಇದಕ್ಕೆ ಕನ್ನಡದಲ್ಲಿ ಒಂದು ಸಿದ್ಧ ಪದವಿದೆ: ನಾರುಮಡಿ. ರಾಮ ಕಾಡಿಗೆ ಹೊರಟಾಗ ಉಟ್ಟದ್ದು ಎಂದು ಹರಿಕಥೆಯಲ್ಲಿ ಕೇಳಿ, ಅದೇನೆಂದು ಯೋಚಿಸದೆ ಬಿಟ್ಟ ಪದ. ಪಾಲಿನೇಷ್ಯದಲ್ಲಿ ಅದು ಇಂದಿಗೂ ಕಣ್ಣಿಗೆ ಕಾಣುವ ವಸ್ತು. ಹೊರಗಿನವರು ಒಟ್ಟಾರೆ ‘ತಾಪಾ’ ಎನ್ನುತ್ತಾರೆ. ಸಮೋವಾದವರಿಗೆ ಅದು ಸಿಯಾಪೊ, ಹವಾಯಿಯವರಿಗೆ ಕಾಪಾ, ಟೋಂಗಾದವರಿಗೆ ಙಾತು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕ್ಕೆ ಇಲ್ಲಿಯಾದರೂ ಕೆಲಸ ಸಿಕ್ಕಿತು.

ಈ ಬಟ್ಟೆ ಬರುವುದು ಮುಖ್ಯವಾಗಿ ಕಾಗದದ ಹಿಪ್ಪುನೇರಳೆ ಎಂಬ ಗಿಡದಿಂದ. ರೇಷ್ಮೆ ಸಾಕಿದವರಿಗೆ ಗೊತ್ತಿರುವ ಹಿಪ್ಪುನೇರಳೆಯ ದಾಯಾದಿ ಇದು. ಹಲಸು, ಜೀಗುಜ್ಜೆ, ಆಲ ಎಲ್ಲವೂ ಅದೇ ಕುಟುಂಬದವು. ಜೀಗುಜ್ಜೆ ಮತ್ತು ಆಲದ ಜಾತಿಯ ಮರಗಳ ತೊಗಟೆಯಿಂದಲೂ ಅವರು ಒರಟು ಬಟ್ಟೆ ಮಾಡುತ್ತಿದ್ದರು. ಕಾಗದದ ಹಿಪ್ಪುನೇರಳೆಯ ಸಸಿ ಒಂದು, ಒಂದೂವರೆ ವರ್ಷದಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಬರುತ್ತದೆ. ಕೊಂಬೆ ಒಡೆದರೆ ತೊಗಟೆಯಲ್ಲಿ ತೂತು ಬೀಳುತ್ತದೆಂದು ಚಿಗುರನ್ನು ಆಗಾಗ ಚಿವುಟುತ್ತಾರೆ. ಕಡಿದ ಮೇಲೆ ತೊಗಟೆಯನ್ನು ಸುಲಿದು, ಹೊರಗಿನ ಕಂದು ಪದರವನ್ನು ಹೆರೆದು ತೆಗೆದು, ಒಳಗಿನ ಬಿಳಿ ನಾರನ್ನು ನೆನೆಸುತ್ತಾರೆ. ಆಮೇಲೆ ಬಡಿತ. ಮರದ ದಿಮ್ಮಿಯ ಮೇಲೆ ಹಾಸಿ, ಗೀರುಗಳಿರುವ ಚೌಕಾಕಾರದ ಮರದ ಕೊಡತಿಯಿಂದ ಬಡಿದೇ ಬಡಿಯುತ್ತಾರೆ. ನಾಲ್ಕೈದು ಬೆರಳಗಲದ ಪಟ್ಟಿ ಹಿಗ್ಗಿ ಹಿಗ್ಗಿ ಒಂದು ಮೊಳ ಅಗಲವಾಗುತ್ತದೆ. ಟೋಂಗಾದ ಹಳ್ಳಿಗಳಲ್ಲಿ ಈ ‘ಟಕ್ ಟಕ್’ ಸದ್ದು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಮಾತಿನಂತೆ ದಾಟುತ್ತದೆ. ಹೀಗೆ ಸಿದ್ಧವಾದ ಹಾಳೆಗಳನ್ನು ಪಿಷ್ಟದ ಅಂಟಿನಿಂದ ಅಡ್ಡಕ್ಕೂ ಉದ್ದಕ್ಕೂ ಎರಡು ಪದರವಾಗಿ ಅಂಟಿಸುತ್ತಾರೆ. ಈಗ ಈ ಅಂಟಿಗೆ ಮರಗೆಣಸು ಸಾಕು. ಅಚ್ಚಿನ ಹಲಗೆಯ ಮೇಲಿಟ್ಟು ಕಂದು ಬಣ್ಣ ತಿಕ್ಕಿದರೆ ಚಿತ್ತಾರ ಮೂಡುತ್ತದೆ. ಹೆಂಗಸರು ಸಾಲಾಗಿ ಎದುರುಬದುರು ಕುಳಿತು ಅಂಟಿಸುತ್ತಾ ಹೋಗಿ ಇಪ್ಪತ್ತು ಮೀಟರಿಗೂ ಮಿಕ್ಕಿದ ಙಾತು ಮಾಡುವುದುಂಟು. ಅದನ್ನು ಯಾರೂ ಉಡುವುದಿಲ್ಲ. ರಾಜರ ಮದುವೆಗೆ, ಶವದ ಕೆಳಗೆ, ದೊಡ್ಡ ಕೊಡುಗೆಗೆ ಹಾಸುತ್ತಾರೆ.

ಗಿಡದ ಊರು ಯಾವುದು ಎಂದು 2015ರಲ್ಲಿ ವಂಶವಾಹಿಗಳನ್ನು ನೋಡಿದ ವಿಜ್ಞಾನಿಗಳಿಗೆ ಅದರ ಜಾಡು ಸಿಕ್ಕಿದ್ದು ತೈವಾನ್‌ನಲ್ಲಿ. ಪೆಸಿಫಿಕ್ ದ್ವೀಪಗಳಲ್ಲಿ ಹಳೆಯ ಗಿಡಗಳು ಬಹುತೇಕ ಹೆಣ್ಣು ಗಿಡಗಳೇ, ಬೀಜ ಕಟ್ಟುವಂತಿಲ್ಲ. ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ದೋಣಿಯಿಂದ ದೋಣಿಗೆ ಬೇರುಗಡ್ಡಿಯಾಗಿಯೇ ಅದು ಸಾಗಿರಬೇಕು. ಮಗ್ಗ ತರದಿದ್ದವರು ಬಟ್ಟೆಯ ಗಿಡವನ್ನು ಮರೆಯಲಿಲ್ಲ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳು ಅದನ್ನು ಅಲ್ಲಿಗೂ ಒಯ್ದರು. ಆದರೆ ಅಲ್ಲಿನ ಚಳಿಗೆ ಗಿಡ ಸೊರಗಿತು. 1769ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಬಂದಾಗ ಉತ್ತರದ ಕಡೆ ಕೆಲವೇ ಗಿಡಗಳಿದ್ದವು, ಅದರ ಬಟ್ಟೆ ಕಿವಿಗೆ ಸಿಕ್ಕಿಸುವ ಅಲಂಕಾರಕ್ಕಷ್ಟೇ ಸಾಲುತ್ತಿತ್ತು. ಮಾವೊರಿಗಳು ಅಷ್ಟರಲ್ಲಾಗಲೇ ಹರಕೆಕೆ ಎಂಬ, ಕತ್ತಿಯಂಥ ಉದ್ದ ಎಲೆಯ ಗಿಡದ ನಾರಿಗೆ ಹೊರಳಿ, ಬೆರಳಲ್ಲೇ ಹೆಣೆದು ಬೆಚ್ಚನೆಯ ಹೊದಿಕೆಗಳನ್ನು ಮಾಡಿಕೊಳ್ಳುತ್ತಿದ್ದರು.

ಈಗ ನಾರುಮಡಿಯ ಒಂದು ದೋಷಕ್ಕೆ ಬರುತ್ತೇನೆ. ನಿಮ್ಮ ಹೂವಿನ ಬಟ್ಟೆ ಹುಟ್ಟಿದ್ದೇ ಅದರಿಂದ. ಅದು ನೇಯ್ದದ್ದಲ್ಲ, ಬಡಿದು ಅಂಟಿಸಿದ್ದು. ಒದ್ದೆಯಾದರೆ ಕಾಗದದಂತೆ ಮೆತ್ತಗಾಗಿ ಹರಿಯುತ್ತದೆ. ಒಗೆಯುವಂತಿಲ್ಲ. ಮಡಿ ಎಂದರೆ ನಮಗೆ ನೀರಲ್ಲಿ ಹಿಂಡಿ ಒಣಗಿಸಿದ್ದು. ಅವರ ನಾರುಮಡಿಗೆ ನೀರೇ ಶತ್ರು. ಮಳೆ ಬಂದರೆ ಬಟ್ಟೆ ಬಿಚ್ಚಿಟ್ಟು ಎಲೆಯ ಲಂಗ ಕಟ್ಟಿಕೊಳ್ಳುವುದೇ ಜಾಣತನ. ಸವೆದರೆ ಎಸೆದು ಹೊಸದನ್ನು ಬಡಿಯಬೇಕು. ಹಾಗಾಗಿ ಹಡಗಿನವರು ಹತ್ತಿ ಬಟ್ಟೆ ತಂದಾಗ ದ್ವೀಪದ ಹೆಂಗಸರು ಕೈಚಾಚಿದ್ದರಲ್ಲಿ ಪರದೇಶದ ಮೋಹವನ್ನಷ್ಟೇ ಹುಡುಕುವವರ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷವಿಡೀ ಬಡಿದ ತೋಳುಗಳಿಗೆ, ಒಗೆದು ಮತ್ತೆ ಉಡಬಹುದಾದ ಬಟ್ಟೆ ಎಂದರೇನು ಎಂಬುದು ಗೊತ್ತಿತ್ತು.

ಆಮೇಲೆ ಪಾದ್ರಿಗಳು ಬಂದರು. 1797ರಲ್ಲಿ ಟಹೀಟಿಗೆ, 1830ರಲ್ಲಿ ಸಮೋವಾಕ್ಕೆ ಲಂಡನ್ನಿನ ಮಿಷನ್ ಕಾಲಿಟ್ಟಿತು. ಎದೆ ಮುಚ್ಚಿ, ಕಾಲು ಮುಚ್ಚಿ ಎಂಬ ಉಪದೇಶ ಶುರುವಾಯಿತು. ಹವಾಯಿಯ ಹೆಂಗಸರಿಗೆ ಕತ್ತಿನಿಂದ ಪಾದದವರೆಗಿನ ನಿಲುವಂಗಿ ಬಂತು. ಆದರೆ ಸಮೋವಾ, ಟೋಂಗಾಗಳಲ್ಲಿ ಒಂದು ಒಡಂಬಡಿಕೆಯಾದಂತಿದೆ: ಮೇಲೆ ನಿಮ್ಮ ಅಂಗಿ, ಕೆಳಗೆ ನಮ್ಮ ಸುತ್ತು. ಹಳೇ ಮೈಸೂರಿನ ಮೇಷ್ಟರುಗಳು, ಅಮಲ್ದಾರರು ಮೇಲೆ ಕರಿ ಕೋಟು ತೊಟ್ಟು, ಕೆಳಗೆ ಕಚ್ಚೆಪಂಚೆ ಬಿಡದೆ ಕಚೇರಿಗೆ ಹೋಗುತ್ತಿದ್ದುದನ್ನು ನಿಮ್ಮ ಮನೆಯ ಹಳೆಯ ಫೋಟೋಗಳಲ್ಲಿ ನೋಡಿರುತ್ತೀರಿ. ಅದೇ ಲೆಕ್ಕ.

ನಿಮ್ಮ ಬಟ್ಟೆಯ ಮೇಲಿನ ಆ ದಾಸವಾಳ? ಅದರ ಕಥೆ ಚಿಕ್ಕದು, ಸ್ವಲ್ಪ ತಮಾಷೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಂಚೆಸ್ಟರ್ ಮುಂತಾದ ಕಡೆಯ ಗಿರಣಿಗಳು ದ್ವೀಪಗಳ ಗಿರಾಕಿಗಳಿಗೆಂದೇ ಕೆಂಪು, ನೀಲಿ ನೆಲದ ಮೇಲೆ ಬಿಳಿ ಹೂವಿನ ಬಟ್ಟೆ ಅಚ್ಚು ಹಾಕಿ ಕಳಿಸತೊಡಗಿದವು. 1891ರಲ್ಲಿ ಟಹೀಟಿಗೆ ಹೋದ ಫ್ರೆಂಚ್ ಚಿತ್ರಕಾರ ಗೋಗ್ಯಾನ್‌ ಚಿತ್ರಗಳಲ್ಲಿ ಹೆಂಗಸರು ಉಟ್ಟ ಹೂವಿನ ಪಾರೆಯುಗಳೂ ಇಂಥ ಗಿರಣಿ ಬಟ್ಟೆಗಳೇ. ಮುಂದೆ ಆ ಚಿತ್ರಗಳನ್ನು ನೋಡಿದ ಯುರೋಪು ಅದನ್ನೇ ಕಲ್ಮಶವಿಲ್ಲದ ಆದಿವಾಸಿ ಉಡುಗೆ ಎಂದು ಭ್ರಮಿಸಿತು. ಇಂದು ಟಹೀಟಿಯಲ್ಲಿ ಕೈಯಿಂದಲೂ ಪಾರೆಯು ಬಣ್ಣ ಹಾಕುತ್ತಾರೆ. ಬಣ್ಣ ಬಳಿದ ಒದ್ದೆ ಬಟ್ಟೆಯ ಮೇಲೆ ಎಲೆ, ಹೂವಿನಾಕಾರದ ತುಂಡುಗಳನ್ನಿಟ್ಟು ಬಿಸಿಲಿಗೆ ಹಾಸಿದರೆ, ಮುಚ್ಚಿದ ಜಾಗ ತಿಳಿಯಾಗಿ ಉಳಿದು ಚಿತ್ರ ಮೂಡುತ್ತದೆ. ನಿಮ್ಮದು ಅಂಥದ್ದೋ ಕಾರ್ಖಾನೆಯದ್ದೋ ತಿಳಿಯಬೇಕಾದರೆ ಚಿತ್ರಗಳನ್ನು ನೋಡಿ: ಎರಡು ಹೂ ತದ್ರೂಪ ಒಂದೇ ರೀತಿ ಇದ್ದರೆ ಕಾರ್ಖಾನೆ.

ಬಟ್ಟೆ ಹೊರಗಿನದು. ಸುತ್ತುವುದರ ಹಿಂದಿನ ಮನಸ್ಸು ಮಾತ್ರ ಅವರದೇ, ತುಂಬ ಹಳೆಯದು. ಪಾಲಿನೇಷ್ಯದಲ್ಲಿ ಸುತ್ತುವುದು ಎಂದರೆ ಮುಚ್ಚಿಕೊಳ್ಳುವುದಷ್ಟೇ ಅಲ್ಲ, ಗೌರವಿಸುವುದು. ಕುಕ್ ಜೊತೆ ಹೋದ ಚಿತ್ರಕಾರ ಜಾನ್ ವೆಬರ್ 1777ರಲ್ಲಿ ಟಹೀಟಿಯ ಯುವತಿಯೊಬ್ಬಳ ಚಿತ್ರ ಬರೆದಿದ್ದಾನೆ. ಅವಳ ಸೊಂಟದ ಸುತ್ತ ನಾರುಮಡಿ ಸುತ್ತಿ ಸುತ್ತಿ ಒಂದು ಕಣಜದಷ್ಟು ದಪ್ಪವಾಗಿದೆ, ಅವಳು ನಡೆದದ್ದೇ ಹೆಚ್ಚು. ಆ ಬಟ್ಟೆ ಅವಳು ಉಡಲೆಂದು ಸುತ್ತಿಕೊಂಡದ್ದಲ್ಲ, ಅತಿಥಿಗೆ ಕೊಡಲು ಮೈಮೇಲೆ ಹೊತ್ತು ತಂದ ಉಡುಗೊರೆ. ಎದುರು ನಿಂತು ಬಿಚ್ಚಿ ಕೊಡುವುದು ರೂಢಿ. ಅಂಗಡಿಯ ಚೀಲದಲ್ಲಿ ಹಾಕಿಕೊಟ್ಟ ಬಟ್ಟೆಗೂ ಮೈಯಿಂದ ಬಿಚ್ಚಿ ಕೊಟ್ಟ ಬಟ್ಟೆಗೂ ಇರುವ ಅಂತರವನ್ನು, ಹೆಗಲ ಶಾಲು ತೆಗೆದು ಹೊದಿಸುವುದನ್ನು ಕಂಡ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಚಾಪೆಯನ್ನು ಬಿಚ್ಚೋಣ.

ಟೋಂಗಾದವರು ತುಪೆನುವಿನ ಮೇಲೆ ಸುತ್ತುವ ಚಾಪೆಯ ಹೆಸರು ತಓವಲ. ಹೆಣೆಯುವುದು ಕೇದಗೆ ಕುಲದ ಗಿಡದ ಎಲೆಯ ಸೀಳುಗಳಿಂದ. ನಮ್ಮ ಕರಾವಳಿಯವರು ಮೂಡೆ ಕಟ್ಟುವ ಓಲೆಯೂ ಅದೇ ಕುಲದ್ದು. ತೆಂಗಿನ ನಾರಿನ ಹುರಿಯಿಂದ ಅದನ್ನು ಸೊಂಟಕ್ಕೆ ಬಿಗಿಯುತ್ತಾರೆ. ಹಿರಿಯರ ತಲೆಗೂದಲಿನಿಂದ ಹೊಸೆದ ಹುರಿ ಇರುವ ಮನೆಗಳೂ ಉಂಟು. ಹೆಂಗಸರು ಬಹಳ ಸಲ ಚಾಪೆಯ ಬದಲು ಕಿಯೆಕಿಯೆ ಎಂಬ, ಸೊಂಟಪಟ್ಟಿಯಿಂದ ಎಳೆ ಎಳೆಯಾಗಿ ಇಳಿಬಿದ್ದ ಹಗುರ ಆಭರಣವನ್ನು ಕಟ್ಟುತ್ತಾರೆ. ಇದು ಹುಟ್ಟಿದ ಬಗೆಗೆ ಅವರು ಹೇಳುವ ಕಥೆ ಹೀಗೆ: ದೀರ್ಘ ಪ್ರಯಾಣದಲ್ಲಿ ಬಟ್ಟೆಗಳೆಲ್ಲ ಚಿಂದಿಯಾದ ನಾವಿಕರು ದಡ ಸೇರಿದಾಗ, ಅರಸನ ಮುಂದೆ ಬರಿಮೈಯಲ್ಲಿ ನಿಲ್ಲುವುದು ಹೇಗೆಂದು ದೋಣಿಯ ಹಾಯಿಯನ್ನೇ ಕತ್ತರಿಸಿ ಸುತ್ತಿಕೊಂಡರು. ಅಲ್ಲಿನ ಹಾಯಿಗಳು ಹೆಣೆದ ಚಾಪೆಗಳೇ ಆಗಿದ್ದವು. ಅರಸ ಅವರ ವಿನಯಕ್ಕೆ ಮೆಚ್ಚಿದ. ಕಥೆ ನಿಜವಿರಲಿ ಬಿಡಲಿ, ತಓವಲದ ಅರ್ಥ ಅದರೊಳಗಿದೆ: ನಿಮ್ಮ ಮುಂದೆ ನಿಲ್ಲಲು ನಾನು ಸಿದ್ಧನಾಗಿ ಬಂದಿದ್ದೇನೆ. ಚರ್ಚಿಗೆ, ಕಚೇರಿಗೆ, ಮದುವೆಗೆ ಅದಿಲ್ಲದೆ ಹೋಗುವುದು ನಮ್ಮಲ್ಲಿ ಹಿರಿಯರೆದುರು ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡು ನಿಂತಂತೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಟೋಂಗಾದ ಬಾವುಟ ಹಿಡಿದ ಪಿತಾ ತೌಫಾತೊಫುವಾ ನೆನಪಿರಬಹುದು. ಅವರ ಸೊಂಟದಲ್ಲಿದ್ದದ್ದೂ ತಓವಲವೇ. ಲೋಕವೆಲ್ಲ ಎಣ್ಣೆಯನ್ನು ನೋಡಿತು, ಚಾಪೆಯನ್ನು ಗಮನಿಸಿದವರು ಕಡಿಮೆ. ಅಂದಹಾಗೆ ಟೋಂಗಾದ ಬೀದಿಯಲ್ಲಿ ಹಾಗೆ ಬರಿಮೈಯಲ್ಲಿ ತಿರುಗುವುದು ಕಾನೂನಿಗೆ ವಿರುದ್ಧ.

ಹಬ್ಬಕ್ಕಾದರೆ ನವಿರಾದ, ಬೆಳ್ಳನೆಯ ತಓವಲ. ಸಾವಿಗಾದರೆ ತಿರುವುಮುರುವು. ಯಾರು ಸತ್ತವರಿಗಿಂತ ಮರ್ಯಾದೆಯಲ್ಲಿ ಕೆಳಗಿನವರೋ ಅವರ ಚಾಪೆ ಅಷ್ಟು ದೊಡ್ಡದು, ಒರಟು, ಹಳೆಯದು, ಹರಿದದ್ದು. ಕೆಲವರು ಮೊಣಕಾಲಿನ ಕೆಳಗಿನಿಂದ ಎದೆಯವರೆಗೆ ಬರುವಂಥದ್ದನ್ನು ಸುತ್ತಿಕೊಂಡು ಹಿತ್ತಲಲ್ಲಿ ಅಡುಗೆಯ ಒಲೆ ನೋಡಿಕೊಳ್ಳುತ್ತಾರೆ. ಸತ್ತವರಿಗಿಂತ ಮೇಲಿನವರು ನವಿರಾದ ಚಾಪೆಯಲ್ಲಿ ಶವದ ಬಳಿ ಕೂರುತ್ತಾರೆ. ಮೇಲು ಕೆಳಗಿನ ಈ ಲೆಕ್ಕ ಹಣದ್ದಲ್ಲ, ಓದಿನದ್ದಲ್ಲ, ನೆಂಟಸ್ತಿಕೆಯದು. ಟೋಂಗಾದಲ್ಲಿ ಅಣ್ಣತಮ್ಮಂದಿರಿಗಿಂತ ಅಕ್ಕತಂಗಿಯರು ದೊಡ್ಡವರು. ಹಾಗಾಗಿ ಮನೆಯಲ್ಲಿ ಸೋದರತ್ತೆಗೆ ಎಲ್ಲರಿಗಿಂತ ಎತ್ತರದ ಸ್ಥಾನ, ಸೋದರಮಾವನಿಗೆ ಕೆಳಗಿನದು. ಅಕ್ಕನ ಮಕ್ಕಳು ಮಾವನ ಮನೆಗೆ ಬಂದು ಬೇಕಾದ್ದನ್ನು ಕೇಳಿ ಒಯ್ಯಬಹುದು, ಅವನು ಇಲ್ಲವೆನ್ನುವಂತಿಲ್ಲ. ಮದುವೆ ಮನೆಯಲ್ಲಿ ಸೋದರಮಾವನನ್ನು ಮುಂದಿಟ್ಟುಕೊಂಡು ನಡೆಯುವ ನಮಗೆ ಇದು ಕನ್ನಡಿಯೊಳಗಿನ ಬಿಂಬದಂತೆ ತಿರುಗಿ ಕಾಣುತ್ತದೆ. ಸಾವಿನ ಮನೆಗೆ ಕಾಲಿಟ್ಟ ಟೋಂಗಾದವರು ಚಾಪೆಗಳನ್ನು ನೋಡಿದರೆ ಸಾಕು, ಯಾರು ಸತ್ತವರಿಗೆ ಏನಾಗಬೇಕು ಎಂದು ಅವರಿಗೆ ತಿಳಿದುಹೋಗುತ್ತದೆ.

ಇಷ್ಟು ತಿಳಿದರೆ ನಿಮ್ಮ ಮಗಳ ಸಹೋದ್ಯೋಗಿಯ ಚಾಪೆಯನ್ನು ಓದಬಹುದು. ಒಂದು ತಿಂಗಳು ಕಪ್ಪು ಬಟ್ಟೆ ಉಟ್ಟರೆಂದರೆ ಸತ್ತವರು ಹತ್ತಿರದವರು. ಚಾಪೆ ಹರಿದದ್ದೆಂದರೆ ಸತ್ತವರು ಅವರಿಗೆ ಮೇಲಿನವರು, ತಂದೆಯೋ ಸೋದರತ್ತೆಯೋ ಇರಬಹುದು. ಓದಿದವರು ಏಕೆ ಸುತ್ತಿಕೊಳ್ಳುತ್ತಾರೆ ಎಂದಿರಿ. ಆ ಚಾಪೆಯ ಮುಂದೆ ಅವರು ಶಿಕ್ಷಕರಲ್ಲ, ಮಗ ಅಥವಾ ಸೋದರಳಿಯ.

ಸಮೋವಾದಲ್ಲೂ ಚಾಪೆಯ ಮರ್ಯಾದೆ ಕಡಿಮೆಯಲ್ಲ. ಅಲ್ಲಿನ ನವಿರಾದ ಚಾಪೆ ಇಯೆ ತೋಂಗ ಬಟ್ಟೆಯಷ್ಟು ಮೆತ್ತಗಿರುತ್ತದೆ. ಹೆಣೆಯಲು ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಳೇ ಬೇಕು. 2019ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಫೊಂಗಾ ಎಂಬ ಕ್ಷಮೆಯ ವಿಧಿಯಲ್ಲಿ ತಪ್ಪಿತಸ್ಥರ ಕಡೆಯವರು ಅಂಥ ಚಾಪೆ ಹೊದ್ದು ನೊಂದವರ ಮನೆಯ ಮುಂದೆ ತಲೆತಗ್ಗಿಸಿ ಕೂರುತ್ತಾರೆ. ನೊಂದವರು ಬಂದು ಚಾಪೆ ತೆಗೆದರೆ ಕ್ಷಮಿಸಿದಂತೆ. ಇದು ನಿಮ್ಮ ಮಗಳಿರುವ ಊರಿನಲ್ಲೇ ನಡೆದಿದೆ. 1970ರ ದಶಕದಲ್ಲಿ ವೀಸಾ ಅವಧಿ ಮೀರಿದವರನ್ನು ಹಿಡಿಯುವ ನೆಪದಲ್ಲಿ ಪೆಸಿಫಿಕ್ ದ್ವೀಪಗಳವರ ಮನೆಗಳ ಮೇಲೆ ಬೆಳಗಿನ ಜಾವದಲ್ಲಿ ಪೊಲೀಸರು ನುಗ್ಗಿದ್ದಕ್ಕಾಗಿ, 2021ರ ಆಗಸ್ಟ್ 1ರಂದು ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಆಕ್ಲೆಂಡ್‌ನ ಟೌನ್ ಹಾಲ್‌ನಲ್ಲಿ ಬಿಳಿಯ ಚಾಪೆಯ ಅಡಿಯಲ್ಲಿ ಕುಳಿತರು. ಆ ಸಮುದಾಯದವರು ಬಂದು ಅದನ್ನು ತೆಗೆದರು.

ಜೇಬಿನ ವಿಷಯ ನೀವು ಕೇಳಲಿಲ್ಲ, ಆದರೂ ಲುಂಗಿ ಉಡುವ ಪ್ರತಿಯೊಬ್ಬ ಗಂಡಸಿನ ಅಳಲು ಅದೇ ಆದ್ದರಿಂದ ಹೇಳಿಬಿಡುತ್ತೇನೆ. ಸಮೋವಾದವರು ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದು, ಜೇಬು ಮತ್ತು ಸೊಂಟಪಟ್ಟಿ ಇಟ್ಟ ಇಯೆ ಫೈತಾಂಗ ಎಂಬ ಉಡುಗೆ ಮಾಡಿಕೊಂಡಿದ್ದಾರೆ. ಟೈ ಕಟ್ಟಿ, ಕೋಟು ತೊಟ್ಟು, ಕೆಳಗೆ ಅದನ್ನುಟ್ಟು ಸಂಸತ್ತಿಗೂ ಹೋಗುತ್ತಾರೆ. ರಾಜಧಾನಿ ಆಪಿಯಾದಲ್ಲಿ ಬೆಳಿಗ್ಗೆ ಬಾವುಟ ಏರಿಸಲು ಸಾಗುವ ಪೊಲೀಸ್ ವಾದ್ಯವೃಂದದ ಸಮವಸ್ತ್ರವೂ ಇದೇ. ಪಕ್ಕದ ಫಿಜಿಯಲ್ಲಿ ಇದಕ್ಕೆ ಸುಲು ಎನ್ನುತ್ತಾರೆ. ಅಲ್ಲಿನ ಕಾವಲು ಸೈನಿಕರ ಬಿಳಿ ಸುಲುವಿನ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿರುತ್ತಾರೆ. ಭಾರತದ ನಿಜವಾದ ನಂಟು ಇರುವುದು ಈ ಫಿಜಿಯಲ್ಲಿ. 1879ರಿಂದ 1916ರವರೆಗೆ ಅರವತ್ತು ಸಾವಿರದಷ್ಟು ಭಾರತೀಯರನ್ನು ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಒಯ್ದರು, 1903ರಿಂದ ಮದರಾಸಿನ ಬಂದರಿನಿಂದಲೂ. ಅವರ ಹಿಂದೆಯೇ ಗುಜರಾತಿ ವ್ಯಾಪಾರಿಗಳು ಹೋಗಿ ಜವಳಿ ಅಂಗಡಿ ತೆರೆದರು. ಲುಂಗಿಯಿಂದ ಸುಲು ಹುಟ್ಟಲಿಲ್ಲ, ಆದರೆ ಎಷ್ಟೋ ಸುಲುಗಳ ಬಟ್ಟೆಯನ್ನು ಗಜಕಡ್ಡಿಯಲ್ಲಿ ಅಳೆದುಕೊಟ್ಟ ಕೈ ಭಾರತದ್ದು.

ಮಗಳಿಗೆ ಹೇಳಬೇಕಾದದ್ದು ಇಷ್ಟು. ಲಾವಾಲಾವಾವನ್ನು ಅವಳು ಧಾರಾಳವಾಗಿ ಉಡಬಹುದು, ಕೊಟ್ಟವರಿಗೆ ಸಂತೋಷವಾಗುತ್ತದೆ. ಸಮೋವಾದವರ ಮನೆಗೆ ಹೋದಾಗ ಪ್ಯಾಂಟಿನ ಮೇಲೆಯೇ ಸುತ್ತಿಕೊಂಡರೂ ಸರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಮ್ಮವರಿಗೆ ಅಭ್ಯಾಸವೇ. ಕಾಲು ಚಾಚಲೇಬೇಕಾದರೆ ಅಂಗಾಲು ಎದುರಿನವರಿಗೆ ಕಾಣದಂತೆ ಬಟ್ಟೆ ಮುಚ್ಚಿಕೊಳ್ಳಬೇಕು. ತಓವಲವನ್ನು ಮಾತ್ರ ಚಂದ ಕಂಡಿತೆಂದು ತಾನಾಗಿ ಕೊಂಡು ಕಟ್ಟುವುದು ಬೇಡ, ಟೋಂಗಾದ ಮನೆಯವರೇ ಕಟ್ಟಿದರೆ ಕಟ್ಟಿಸಿಕೊಳ್ಳಲಿ. ಆ ಶಿಕ್ಷಕರ ಬಳಿ ಚಾಪೆಯ ಬಗ್ಗೆ ಕೇಳಲು ಈಗಲೂ ಸಂಕೋಚವಾದರೆ ಚಾಪೆಯನ್ನು ಬಿಟ್ಟು, ಮನೆಯಲ್ಲಿ ಯಾರು ಹೋದರು ಎಂದು ಕೇಳಲಿ.

ನಿಮ್ಮ ಹೂವಿನ ಬಟ್ಟೆಯನ್ನು ಮೊದಲ ಎರಡು ಸಲ ಬೇರೆಯಾಗಿ, ತಣ್ಣೀರಿನಲ್ಲಿ ಒಗೆಯಿರಿ. ಕೆಂಪು ನೆಲದ್ದಾದರೆ ಬಣ್ಣ ಬಿಡುತ್ತದೆ.